ತೆರೆಯಿಂದ ಕರೆಂಟು ಸರಿ, ರಿಪೇರಿಗೆ ಹೋಗುವುದು ಹೇಗೆ?

ಮಾನ್ಯ ಸಂಪಾದಕರೇ,

ಕಡಲ ತೆರೆಯಿಂದ ಕರೆಂಟು ತೆಗೆಯುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಆದರೆ ಅದರಲ್ಲಿ ರಿಪೇರಿಯ ಮಾತೇ ಇರಲಿಲ್ಲ. ನಾನು ಮಲ್ಪೆ ಬಂದರಿನಲ್ಲಿ 28 ವರ್ಷದಿಂದ ಬೋಟ್ ಮೆಕ್ಯಾನಿಕ್. ಅದಕ್ಕೇ ಬರೆಯುತ್ತಿದ್ದೇನೆ.

ಉಕ್ಕಿನ ಬೋಟಿನ ಅಡಿಗೆ ನಾವು ಜಿಂಕ್ ತುಂಡು ಕೂರಿಸುತ್ತೇವೆ. ಉಪ್ಪುನೀರು ಮೊದಲು ಅದನ್ನು ತಿನ್ನಲಿ, ಉಳಿದದ್ದು ಬಾಳಲಿ ಅಂತ. ಬೋಟನ್ನು ಮೇಲಕ್ಕೆ ಎಳೆದಾಗ ಆ ತುಂಡು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ಸವೆದಿರುತ್ತದೆ. ಆಗಲೂ ಬದಲಿಸದಿದ್ದರೆ ತುಕ್ಕು ಬೋಟಿಗೇ ಹಿಡಿಯುತ್ತದೆ. ಬೋಟನ್ನಾದರೆ ಎಳೆದು ತರಬಹುದು. ಕಡಲ ನಡುವೆ ಕಟ್ಟಿಹಾಕಿದ ಯಂತ್ರವನ್ನು?

ಪೋರ್ಚುಗಲ್‌ನಲ್ಲಿ 2008ರಲ್ಲಿ ಪೆಲಾಮಿಸ್ ಎಂಬ ಮೂರು ತೇಲುವ ಯಂತ್ರ ಹಾಕಿದ್ದರು. ಹಾವಿನ ಹಾಗೆ ಉದ್ದ, ಒಂದೊಂದು 750 ಕಿಲೋವ್ಯಾಟ್. ಬೇರಿಂಗ್ ತೊಂದರೆ ಬಂತು. ಕೆಲವೇ ತಿಂಗಳಲ್ಲಿ ದಡಕ್ಕೆ ತಂದರು, ಮತ್ತೆ ಅಲ್ಲಿ ಇಳಿಸಲಿಲ್ಲ.

ನಮ್ಮ ಕಡೆ ಇನ್ನೂ ಕಷ್ಟ. ತೆರೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಂದರೆ ಕರೆಂಟು ಜಾಸ್ತಿ ಸಿಗುವುದು ಮಳೆಗಾಲದಲ್ಲೇ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನಮ್ಮ ಬೋಟುಗಳೆಲ್ಲ ದಕ್ಕೆಯಲ್ಲಿ. ಆ ಕಡಲಿಗೆ ಪಾನಾ ಹಿಡಿದುಕೊಂಡು ಹೋಗುವ ಧೈರ್ಯ ನನಗಿಲ್ಲ. ಜೂನ್ ಮೊದಲ ವಾರ ನೀರು ಒಳಗೆ ಬಾರದಂತೆ ತಡೆಯುವ ಒಂದು ಸೀಲ್ ಹೋದರೂ ಯಂತ್ರ ಆ ವರ್ಷದ ಒಳ್ಳೆಯ ತಿಂಗಳುಗಳನ್ನೆಲ್ಲ ಸುಮ್ನೆ ನಿಂತು ಕಳೆಯಬೇಕು, ಅಲ್ವಾ?

ತೆರೆಯಿಂದ ಕರೆಂಟು ತೆಗೆಯುವುದನ್ನು ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಮದ್ರಾಸ್ ಐಐಟಿಯವರು ಬ್ರೇಕ್‌ವಾಟರ್ (ಬಂದರಿಗೆ ತೆರೆ ಹೊಡೆಯದಂತೆ ಕಡಲಿಗೆ ಕಟ್ಟುವ ಗೋಡೆ) ಹತ್ತಿರವೇ ದೊಡ್ಡ ಕಾಂಕ್ರೀಟ್ ಪೆಟ್ಟಿಗೆ ಕೂರಿಸಿದರು. 150 ಕಿಲೋವ್ಯಾಟ್ ಯಂತ್ರ. ತೆರೆ ಒಳಗೆ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಇಳಿಯುವಾಗ ಗಾಳಿಯನ್ನು ಒಳಗೆ ಎಳೆಯುತ್ತದೆ. ಗಾಳಿ ಯಾವ ಕಡೆ ಹೋದರೂ ಅದರಲ್ಲಿರುವ ವೆಲ್ಸ್ ಟರ್ಬೈನ್ ಎಂಬ ಗಾಳಿಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ತಿರುಗುವ ಭಾಗ ಯಾವುದೂ ನೀರಿನೊಳಗೆ ಇಲ್ಲ! ಇದನ್ನು ಯೋಚಿಸಿದವರಿಗೆ ಕೈಮುಗಿಯಬೇಕು. ಈಗ ಅದು ನಿಂತುಹೋಗಿದೆ.

ಸ್ಪೇನಿನ ಮುತ್ರಿಕು ಎಂಬ ಬಂದರಿನಲ್ಲಿ ಇದೇ ಉಪಾಯವನ್ನು 2011ರಲ್ಲಿ ಬ್ರೇಕ್‌ವಾಟರ್ ಗೋಡೆಯೊಳಗೇ ಸೇರಿಸಿದರು. 16 ಟರ್ಬೈನ್, ಒಟ್ಟು 296 ಕಿಲೋವ್ಯಾಟ್. ಜಾಸ್ತಿ ಏನಲ್ಲ. ಆದರೆ ಮೆಕ್ಯಾನಿಕ್ ನಡೆದೇ ಹೋಗಬಹುದು. ನನಗೆ ಅದೇ ದೊಡ್ಡದು.

ನಮ್ಮ ಕರಾವಳಿಯಲ್ಲಿ ಮುಂದೆ ಯಾವ ಬ್ರೇಕ್‌ವಾಟರ್ ಕಟ್ಟಿದರೂ ನಕ್ಷೆ ಬರೆಯುವಾಗಲೇ ತೆರೆ ನುಗ್ಗುವ ಇಂಥ ಕೋಣೆಗಳಿಗೆ ಜಾಗ ಇಡುವ ಬಗ್ಗೆ ಯೋಚಿಸಲಿ. ನಕ್ಷೆ ಬರೆಯುವವರು ಮೊದಲು ಜೂನ್ ತಿಂಗಳಲ್ಲಿ ಮಲ್ಪೆಗೆ ಬಂದು ಕಡಲು ನೋಡಲಿ. ಯಂತ್ರ ಕೆಟ್ಟರೆ ರಿಪೇರಿಗೆ ಯಾರು, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೂ ಆ ನಕ್ಷೆಯಲ್ಲೇ ಬರೆದಿಡಲಿ.

– ಒಬ್ಬ ಬೋಟ್ ಮೆಕ್ಯಾನಿಕ್, ಮಲ್ಪೆ