ಅಣ್ಣ ಹುಷಾರಾಗಿದ್ದಾನೆ, ಎಲ್ಲರಿಗೂ ಥ್ಯಾಂಕ್ಸ್

ಮೊನ್ನೆ ಅಣ್ಣನ ಎದೆಯ ಎಕ್ಸ್‌ರೇ ಕೊನೆಗೂ ತಿಳಿಯಾಗಿ ಬಂತು. ಕುಡಿತ ಜಾಸ್ತಿ ಇದ್ದವರಲ್ಲಿ ನ್ಯುಮೋನಿಯಾದ ಗುರುತು ಎಕ್ಸ್‌ರೇಯಿಂದ ಮಾಯವಾಗಲು ಬೇರೆಯವರಿಗಿಂತ ಹೆಚ್ಚು ಸಮಯ ಹಿಡಿಯುತ್ತದಂತೆ. ಅದಕ್ಕೇ ಇಷ್ಟು ದಿನ ಕಾದೆ. ವರ್ಷಗಟ್ಟಲೆ ಜೋರಾಗಿ ಕುಡಿಯುತ್ತಿದ್ದ ಅಣ್ಣ ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕಿನಿಂದ ಐಸಿಯು ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಅಣ್ಣ ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

ಐಸಿಯು ವೈದ್ಯರು, ಸಿಸ್ಟರ್‌ಗಳು, ಉಸಿರಾಟದ ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟ್, ಹಣ ಹೊಂದಿಸಿದ ಚಿಕ್ಕಪ್ಪ, ಮಕ್ಕಳನ್ನು ನೋಡಿಕೊಂಡ ಅಕ್ಕ, ಭಾವ, ಅಣ್ಣನ ಆಫೀಸಿನವರು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಶ್ವಾಸಕೋಶದ ಡಾಕ್ಟರಿಗೆ ಇನ್ನೊಂದು ಮಾತು ಹೇಳಬೇಕು. "ಲಿವರ್ ರಿಪೋರ್ಟ್ ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ, ಎದೆಗೆ ಹೇಗೆ ಬಂತು?" ಅಂತ ಅತ್ತಿಗೆ ಕೇಳಿದ್ದೇ ಕೇಳಿದ್ದು. ಅವರು ಬೇಸರ ಮಾಡಿಕೊಳ್ಳದೆ ಪಕ್ಕದಲ್ಲಿ ಕೂತು ಹೇಳಿದರು. ನಮ್ಮ ಶ್ವಾಸಕೋಶದ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳು ಕಾವಲುಗಾರರ ಹಾಗೆ ಓಡಾಡುತ್ತಿರುತ್ತವೆ, ಒಳಗೆ ಬಂದ ರೋಗಾಣುವನ್ನು ನುಂಗುತ್ತವೆ. ವರ್ಷಗಟ್ಟಲೆ ಜೋರಾಗಿ ಕುಡಿದರೆ ಅವು ಇದ್ದಲ್ಲೇ ಇರುತ್ತವೆ, ನುಂಗುವ ಶಕ್ತಿ ಮಾತ್ರ ಕುಗ್ಗುತ್ತದೆ. ಶ್ವಾಸಕೋಶವನ್ನು ಕಾಯುವ ಗ್ಲುಟಾಥಯೋನ್ ಅನ್ನುವ ವಸ್ತು ಕಡಿಮೆಯಾಗುತ್ತದೆ. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಮಂಕಾಗುತ್ತವೆ. ಕುಡಿದು ಮಲಗಿದಾಗ ಕೆಮ್ಮು ಕೂಡ ಸರಿಯಾಗಿ ಬರುವುದಿಲ್ಲ. ಬಾಯಿಯ ಜೊಲ್ಲು ರೋಗಾಣುಗಳ ಸಮೇತ ಎದೆಗೆ ಇಳಿಯುತ್ತದೆ. ಬೇರೆಯವರಿಗೆ ಮಾತ್ರೆಯಲ್ಲಿ ಮುಗಿಯಬಹುದಾದ ಸೋಂಕು ಇವರನ್ನು ಐಸಿಯುವರೆಗೆ ತರುವುದು ಹೀಗೆ. ಅಮೆರಿಕದ ವೈದ್ಯ ಬೆಂಜಮಿನ್ ರಶ್ 1785ರಲ್ಲೇ ಕುಡಿತಕ್ಕೂ ನ್ಯುಮೋನಿಯಾಕ್ಕೂ ನಂಟಿದೆ ಅಂದಿದ್ದರು ಅಂತ ಆಮೇಲೆ ಓದಿದೆ. ನಾವು ಇಂದಿಗೂ ಕುಡಿತ ಅಂದರೆ ಲಿವರ್ ಒಂದನ್ನೇ ನೆನೆಯುತ್ತೇವೆ, ಅಲ್ವಾ?

ಇನ್ನು ನೀವು. ಅಣ್ಣನ ಗೆಳೆಯ, ನನಗೂ ಅಣ್ಣನೇ. ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ.

ಒಂದು ಕಾಲದಲ್ಲಿ ಇಬ್ಬರೂ ಜೊತೆಗೇ ಕುಡಿಯುತ್ತಿದ್ದಿರಿ. ನೀವು ಬಿಟ್ಟು ಎಷ್ಟೋ ವರ್ಷವಾಯಿತು, ಅಣ್ಣನ ಕೈ ಮಾತ್ರ ಬಿಡಲಿಲ್ಲ. ಅಡ್ಮಿಟ್ ಮಾಡುವಾಗ ಡಾಕ್ಟರು "ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ?" ಅಂತ ಕೇಳಿದರು. ಸರಿಯಾದ ಲೆಕ್ಕ ಗೊತ್ತಿದ್ದದ್ದು ನಿಮಗೊಬ್ಬರಿಗೆ. ಏನನ್ನೂ ಕಡಿಮೆ ಮಾಡದೆ ಹೇಳಿದಿರಿ. ದಿನಾ ಜಾಸ್ತಿ ಕುಡಿಯುವವರಿಗೆ ಅದು ತಟ್ಟನೆ ನಿಂತರೆ ಎರಡರಿಂದ ನಾಲ್ಕು ದಿನದೊಳಗೆ ಡೆಲಿರಿಯಂ, ಅಂದರೆ ಇಲ್ಲದ್ದೆಲ್ಲ ಕಾಣುವಂಥ ಬುದ್ಧಿಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ನಿಮ್ಮ ಆ ಉತ್ತರದಿಂದಲೇ ಥಯಾಮಿನ್ (ವಿಟಮಿನ್ ಬಿ1) ಮತ್ತು ಬೇರೆ ಔಷಧಿ ಮೊದಲೇ ಶುರುವಾಯಿತು.

ಆದರೂ ಆ ರಾತ್ರಿ ಬಂತು. ಒಳಗೆ ಒಬ್ಬರಿಗೇ ಅವಕಾಶ. ನೀವು ಹೋದಿರಿ, ನಾನು ಬಾಗಿಲ ಆಚೆ ನಿಂತಿದ್ದೆ. ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅಂತ ಅಣ್ಣ ಕೂಗುತ್ತಿದ್ದ. ತೀರಿಹೋದ ಅಮ್ಮನನ್ನು ಕರೆದು ಮಾತಾಡಿಸುತ್ತಿದ್ದ. ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುತ್ತಿದ್ದ, ಪ್ರತಿ ಸಲ ಮಾನಿಟರ್‌ನಲ್ಲಿ ಅಂಕಿ ಇಳಿಯುತ್ತಿತ್ತು. ಕೈ ಕಟ್ಟಬೇಕಾಗಬಹುದು ಅಂದರು ಸಿಸ್ಟರ್. "ನಾನು ಹಿಡ್ಕೋತೀನಿ, ಸ್ವಲ್ಪ ನೋಡೋಣ" ಅಂದಿರಿ. ಬೆಳಗಿನವರೆಗೂ ಹಿಡಿದೇ ಇದ್ದಿರಿ. "ಇದು ಆಸ್ಪತ್ರೆ ಕಣೋ. ನಾನಿಲ್ಲೇ ಇದೀನಿ. ಮಾಸ್ಕ್ ಇರ್ಲಿ." ಅದೇ ಮೂರು ಮಾತು, ಅದೇ ದನಿಯಲ್ಲಿ, ಒಂದು ಸಲವೂ ಗದರದೆ.

ಅವನು ಹೋಗಿಬಿಡುತ್ತಾನೆ ಅಂತಲೇ ಅಂದುಕೊಂಡಿದ್ದೆ. ಇದನ್ನು ಬರೆಯುವಾಗ ಈಗಲೂ ಎದೆ ಹಿಂಡುತ್ತದೆ. ಬೆಳಿಗ್ಗೆ ನೋಡಲು ಬಂದವರೊಬ್ಬರು "ಕುಡುಕರಿಗೆ ಇನ್ನೇನಾಗುತ್ತೆ" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನೀವು "ಅವನಿಗೆ ಕೇಳಿಸುತ್ತೆ, ಆಚೆ ಹೋಗಿ ಮಾತಾಡಿ" ಅಂದಿರಿ. ಆ ಮಾತಿಗೆ ನಾನು ಸಾಯುವವರೆಗೂ ಋಣಿ.

ಅದೇ ರಾತ್ರಿ ನಿಮ್ಮ ಮಗುವಿಗೂ ಜ್ವರ ಇತ್ತು ಅಂತ ನಮಗೆ ಎಷ್ಟೋ ದಿನದ ಮೇಲೆ ತಿಳಿಯಿತು. ಒಬ್ಬರೇ ಎಲ್ಲ ನಿಭಾಯಿಸಿ ನಿಮ್ಮನ್ನು ನಮ್ಮ ಹತ್ತಿರ ಬಿಟ್ಟ ನಿಮ್ಮ ಮನೆಯವರಿಗೂ ನನ್ನ ನಮಸ್ಕಾರ.

ಅಣ್ಣ ಕುಡಿತ ಬಿಟ್ಟಿದ್ದಾನೆ. ಬಿಟ್ಟರೆ ಶ್ವಾಸಕೋಶ ತನ್ನ ಶಕ್ತಿಯನ್ನು ತಕ್ಕಮಟ್ಟಿಗೆ ಮರಳಿ ಪಡೆಯುತ್ತದೆ ಅಂದಿದ್ದಾರೆ ಡಾಕ್ಟರು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ರೋಗಾಣುವಿನ ಲಸಿಕೆ, ಫ್ಲೂ ಲಸಿಕೆ ಎರಡೂ ಹಾಕಿಸಿದ್ದೇವೆ. ಮೊದಲು ಬಾಟಲಿ ತೆರೆಯುತ್ತಿದ್ದ ಹೊತ್ತಿಗೆ ಸರಿಯಾಗಿ ಈ ಗೆಳೆಯ ಮನೆಗೆ ಬರುತ್ತಾರೆ, ಇಬ್ಬರೂ ನಡೆಯಲು ಹೋಗುತ್ತಾರೆ.

ಇದನ್ನು ಓದುತ್ತಿರುವವರ ಮನೆಯಲ್ಲೂ ದಿನಾ ಕುಡಿಯುವವರು ಇರಬಹುದು. ಅವರಿಗೆ ಜ್ವರ, ಕೆಮ್ಮು, ಏದುಸಿರು ಬಂದರೆ ದಯವಿಟ್ಟು ಕಾಯಬೇಡಿ. ಡಾಕ್ಟರ ಮುಂದೆ ಕುಡಿತದ ನಿಜವಾದ ಲೆಕ್ಕ ಹೇಳಿ. ಬಿಡುವ ಮನಸ್ಸಿದ್ದರೆ ಮನೆಯಲ್ಲೇ ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ನೋಡಲು ಬರುತ್ತೇವೆ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಧಾರಾಳವಾಗಿ ಬನ್ನಿ. ನೆಗಡಿ, ಕೆಮ್ಮು ಇದ್ದರೆ ಮಾತ್ರ ವಾಸಿಯಾದ ಮೇಲೆ ಬನ್ನಿ. ಸಂಜೆ ಬಂದರೆ ಅಣ್ಣನಿಗೆ ಇನ್ನೂ ಒಳ್ಳೆಯದು.