ಪ್ಲಾಸ್ಟರ್ ಬಿಚ್ಚಿಸಬೇಡ, ಪುಟ್ಟಿ

ಪುಟ್ಟಿ,

ಮೂರೇ ವಾರಕ್ಕೆ ಕೈಯ ಪ್ಲಾಸ್ಟರ್ ಬಿಚ್ಚಿಸಿ ಮ್ಯಾಚಿಗೆ ಇಳಿಯುತ್ತೇನೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ಕಟ್ ಮಾಡುತ್ತೀಯ. ಹುಡುಗಿಗೆ ಯಾಕೆ ಕಬಡ್ಡಿ ಅಂತ ನಿನ್ನೆ ಬಾಯಿಗೆ ಬಂತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೂರು ಜನರನ್ನು ಔಟ್ ಮಾಡಿಯೇ ಬಿದ್ದಳು ಅಂತ ಸೈಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿರುವವನೂ ನಾನೇ.

ನೋವಿಲ್ಲ ಅಂದಮಾತ್ರಕ್ಕೆ ಮೂಳೆ ಕೂಡಿತು ಅಂತಲ್ಲ. ಮುರಿದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಮೆತ್ತನೆಯ ಗಂಟು ಬೆಳೆದು ಎರಡು ತುದಿಗಳನ್ನೂ ಹಿಡಿದುಕೊಳ್ಳುತ್ತದೆ. ಈಗ ನೋವು ಇಳಿದಿರುವುದು ಅದರಿಂದ. ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳ ಕೆಲಸ ಇನ್ನೂ ಮುಗಿದಿಲ್ಲ. ಅವು ಕೊಲಾಜೆನ್ ಎಳೆಗಳನ್ನು ಹೆಣೆಯುತ್ತವೆ, ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಕೂತು ಗಟ್ಟಿಯಾಗುವುದು ನಂತರ. ತಾರಸಿ ಹಾಕಿದ ಮಾರನೇ ದಿನವೇ ಸೆಂಟ್ರಿಂಗ್ ಬಿಚ್ಚುತ್ತಾರಾ? ಮೇಸ್ತ್ರಿ ಮಗಳಿಗೆ ಇದನ್ನು ಹೇಳಬೇಕಾ? ಕೆಲವು ಕೋಶಗಳು ತಾವು ಕಟ್ಟಿದ್ದರೊಳಗೇ ಸಿಕ್ಕಿಕೊಂಡು ವರ್ಷಗಟ್ಟಲೆ ಅಲ್ಲೇ ಬದುಕುತ್ತವಂತೆ, ಮೂಳೆ ಮೇಲೆ ಎಷ್ಟು ಭಾರ ಬಿತ್ತು ಅಂತ ನೋಡಿಕೊಳ್ಳುತ್ತಾ. ಪಾಪ ಅನ್ನಿಸಿತು.

ನನ್ನ ಭಯ ಬೇರೆ. ನಿನ್ನ ಎಕ್ಸ್‌ರೇನಲ್ಲಿ ಮಣಿಕಟ್ಟಿನ ಹತ್ತಿರ ಸಣ್ಣ ಕಪ್ಪು ಗೆರೆ ಇದೆ. ನಾನು ಅದೇ ಮುರಿತ ಅಂದುಕೊಂಡಿದ್ದೆ. ಡಾಕ್ಟ್ರು ನಕ್ಕು, ಅದು ಗ್ರೋತ್ ಪ್ಲೇಟ್, ಮೂಳೆ ಉದ್ದಕ್ಕೆ ಬೆಳೆಯುವ ಜಾಗ, ಮುರಿತ ಅದರ ಪಕ್ಕದಲ್ಲಿದೆ ಅಂದರು. ಆ ಪ್ಲೇಟಿನಲ್ಲಿ ಮೂಳೆಗಿಂತ ಮೆತ್ತನೆಯ ಮೃದ್ವಸ್ಥಿ ಬೆಳೆಯುತ್ತಾ ಹೋಗುತ್ತದೆ, ಹಿಂದಿನಿಂದ ಆಸ್ಟಿಯೋಬ್ಲಾಸ್ಟ್‌ಗಳು ಬಂದು ಆ ಜಾಗದಲ್ಲಿ ಮೂಳೆ ಕಟ್ಟುತ್ತವೆ. ಮುಂಗೈಯ ರೇಡಿಯಸ್ ಮೂಳೆಯ ಉದ್ದದಲ್ಲಿ ಮುಕ್ಕಾಲು ಪಾಲು ಈ ಒಂದು ಗೆರೆಯಿಂದಲೇ ಬರುವುದು. ಹುಡುಗಿಯರಲ್ಲಿ ಸುಮಾರು 16ರ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ನಿನಗಿನ್ನೂ 13. ಅಲ್ಲಿಗೇ ಇನ್ನೊಂದು ಪೆಟ್ಟು ಬಿದ್ದು ಗೆರೆ ಒಂದು ಕಡೆ ಮಾತ್ರ ಮುಚ್ಚಿಕೊಂಡರೆ? ಇನ್ನೊಂದು ಕಡೆ ಬೆಳೆಯುತ್ತಲೇ ಇದ್ದು ಕೈ ಸೊಟ್ಟಗಾಗಬಹುದು. ರಾತ್ರಿ ಎದ್ದು ಆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತೇನೆ. ಗೆರೆ ಅಲ್ಲೇ ಇರುತ್ತದೆ, ನೆಟ್ಟಗೆ. ಸಮಾಧಾನ ಆಗುತ್ತದೆ. ಮಲಗಿದರೆ ಮತ್ತೆ ಅದೇ ಯೋಚನೆ. ನಿಮ್ಮಮ್ಮ ಫಿಲ್ಮನ್ನೇ ಬಚ್ಚಿಟ್ಟಿದ್ದಳು, ಹುಡುಕಿ ತೆಗೆದೆ. ಅಜ್ಜಿಯದು ಇನ್ನೊಂದು ಹಟ, ಪುತ್ತೂರು ಕಟ್ಟೇ ಹಾಕಿಸಬೇಕಿತ್ತಂತೆ.

ಹಾಸ್ಟೆಲಿನಲ್ಲಿ ಮುದ್ದೆ ಕೊಟ್ಟರೆ ಮೂಗು ಮುರಿಯಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಾಲು ಕುಡಿ. ಬಿಸಿಲಿಗೆ ಹೋಗು. ಬೆರಳು ಆಡಿಸುತ್ತಿರು. ಸ್ಕೇಲ್ ತೂರಿಸಿ ಕೆರೆದುಕೊಳ್ಳಬೇಡ. ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ, ನೋಡು.

ಆರು ವಾರ ಅಂದರೆ ಆರು ವಾರ. ಆಮೇಲೆ ಹೊಸ ಎಕ್ಸ್‌ರೇ ತೆಗೆಸೋಣ. ಡಾಕ್ಟ್ರು ಹೂಂ ಅಂದರೆ ಅಂಕಣದ ತನಕ ನಾನೇ ಗಾಡಿಯಲ್ಲಿ ಬಿಡುತ್ತೇನೆ. ಅಲ್ಲೀವರೆಗೆ ಆ ನಿನ್ನ ಗೆಳತಿಯರ ಕೈಲಿ ಕತ್ತರಿ ತರಿಸಿದರೆ ಮಾತ್ರ ಸುಮ್ನಿರಲ್ಲ.

ನಿನ್ನ ಅಪ್ಪ