ಪಾದ ಚಿಕಿತ್ಸಾಲಯ ತೆರೆಯುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಪೋಡಿಯಾಟ್ರಿ, ಅಂದರೆ ಪಾದ ಚಿಕಿತ್ಸೆಯ, ಕ್ಲಿನಿಕ್ ತೆರೆಯಬೇಕೆಂದಿರುವ ಪ್ರದೇಶದ ಜನಸಂಖ್ಯೆಯನ್ನೂ ಅಲ್ಲಿನ ಮಧುಮೇಹಿಗಳ ಅಂದಾಜನ್ನೂ ಬರೆದು, ಇಷ್ಟು ತಿಳಿದರೆ ಸಾಕಲ್ಲವೇ ಎಂದು ಕೇಳಿದ್ದೀಯೆ. ನನ್ನ ದೃಷ್ಟಿಯಲ್ಲಿ ಸಾಲದು. ಪಾದದ ಆರೈಕೆ ಬೇಕಾದವರ ಸಂಖ್ಯೆ ಒಂದು, ಅದಕ್ಕಾಗಿ ಹಣ ತೆತ್ತು ಬರುವವರ ಸಂಖ್ಯೆ ಇನ್ನೊಂದು.

ಮಧುಮೇಹಿಗಳಲ್ಲಿ ಶೇಕಡಾ 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದ ಹುಣ್ಣಾಗಬಹುದೆಂಬ ಅಂದಾಜಿದೆ. ಆದರೆ ನರಗಳು ಹಾಳಾಗಿ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಪಾದರಕ್ಷೆಯೊಳಗೆ ಸೇರಿದ ಕಲ್ಲೂ ಗೊತ್ತಾಗದು. ನೋವೇ ಇಲ್ಲದ ಮೇಲೆ ಅವರು ನಿನ್ನನ್ನು ಹುಡುಕಿಕೊಂಡು ಬರುವುದಾದರೂ ಏಕೆ? ತಾವಾಗಿಯೇ ಬರುವವರು ಆಣಿ, ಒಳಮುಖವಾಗಿ ಬೆಳೆದ ಉಗುರು, ಹಿಮ್ಮಡಿ ನೋವು ಇರುವವರು, ಮತ್ತು ಅವರಲ್ಲಿ ಅನೇಕರು ವಾಸಿಯಾದ ಮೇಲೆ ಮರಳುವುದಿಲ್ಲ. ಹಾಗಾಗಿ ಸ್ಪರ್ಶಜ್ಞಾನ ಕಳೆದುಕೊಂಡ ಮಧುಮೇಹಿಗಳ ಬೇಡಿಕೆಯನ್ನು ತಿಳಿಯಲು, ಅವರನ್ನು ನಿನ್ನಲ್ಲಿಗೆ ಕಳಿಸಬಲ್ಲ ವೈದ್ಯರನ್ನು ಎಣಿಸಬೇಕು.

ಮಧುಮೇಹ ತಜ್ಞರನ್ನೂ ಕುಟುಂಬ ವೈದ್ಯರನ್ನೂ ಕಂಡಾಗ, ರೋಗಿಗಳನ್ನು ಕಳಿಸುವಿರಾ ಎಂದು ಕೇಳಬೇಡ. ಹಾಗೆ ಕೇಳಿದರೆ ಮುಖದ ಮೇಲೆ ಇಲ್ಲವೆನ್ನುವವರು ಕಡಿಮೆ. ಕಳೆದ ತಿಂಗಳು ಪಾದದ ತೊಂದರೆಯವರು ಎಷ್ಟು ಮಂದಿ ಬಂದಿದ್ದರು, ಅವರನ್ನು ಎಲ್ಲಿಗೆ ಕಳಿಸಿದಿರಿ, ಅವರು ಅಲ್ಲಿಗೆ ಹೋದರೇ ಎಂದು ವಿಚಾರಿಸು. ಸ್ಪರ್ಶಜ್ಞಾನ ಕಳೆದುಕೊಂಡು ಒಮ್ಮೆ ಹುಣ್ಣಾಗಿ ಮಾಗಿದವರ ಲೆಕ್ಕವನ್ನು ಬೇರೆಯಾಗಿಯೇ ಬರೆದುಕೋ, ಏಕೆಂದರೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅಪಾಯ ತೀರ ಕಡಿಮೆಯಿರುವ ಮಧುಮೇಹಿಗೆ ವರ್ಷಕ್ಕೊಂದು ಪಾದ ತಪಾಸಣೆ ಸಾಕಾದರೆ, ಇವರನ್ನು 1ರಿಂದ 3 ತಿಂಗಳಿಗೊಮ್ಮೆ ನೋಡಬೇಕು. ಇಂಥವರು 40 ಮಂದಿ ಇದ್ದರೆ ವರ್ಷಕ್ಕೆ 160ರಿಂದ 480 ಭೇಟಿಗಳಾಗುತ್ತವೆ. ಇದು ಯಾರೂ ತಪ್ಪಿಸಿಕೊಳ್ಳದಿದ್ದಾಗಿನ ಲೆಕ್ಕ. ನಾನಾದರೆ ಕನಿಷ್ಠ ಅಂಕಿಯ ಅರ್ಧವನ್ನು ಮಾತ್ರ ನಂಬಿ ಖರ್ಚಿಗೆ ಕೈ ಹಾಕುತ್ತಿದ್ದೆ.

ಪೈಪೋಟಿಯೆಂದರೆ ಇನ್ನೊಬ್ಬ ಪೋಡಿಯಾಟ್ರಿಸ್ಟ್ ಮಾತ್ರವಲ್ಲ. ಆಣಿಗೆ ಪಟ್ಟಿ ಮಾರುವ ಔಷಧದಂಗಡಿ, ಪೆಡಿಕ್ಯೂರ್ ಮಾಡುವ ಪಾರ್ಲರ್, ಮೂಳೆ ಮತ್ತು ಚರ್ಮದ ವೈದ್ಯರು, ಇವರೆಲ್ಲರೂ ನಿನ್ನ ಪಾಲನ್ನು ಹಂಚಿಕೊಂಡಿರುತ್ತಾರೆ. ಈಗಾಗಲೇ ಅಲ್ಲೊಂದು ಪಾದ ಚಿಕಿತ್ಸಾಲಯವಿದ್ದರೆ ಹೆದರಬೇಕಿಲ್ಲ; ಹೊಸ ರೋಗಿಗೆ ಎಷ್ಟು ದಿನಗಳ ನಂತರ ಸಮಯ ಕೊಡುತ್ತಾರೆಂದು ವಿಚಾರಿಸು. ವಾರಗಟ್ಟಲೆ ಕಾಯಿಸುತ್ತಿದ್ದರೆ ನಿನಗೆ ಜಾಗವಿದೆ. ಒಂದೂ ಇಲ್ಲದ ಕಡೆಯೇ ನನಗೆ ಹೆಚ್ಚು ಅನುಮಾನ, ಏಕೆಂದರೆ ಅಲ್ಲಿ ಇಂಥದೊಂದು ಚಿಕಿತ್ಸೆಯಿದೆ ಎಂಬುದನ್ನೇ ನೀನು ಮೊದಲು ತಿಳಿಸಬೇಕಾಗುತ್ತದೆ.

ವಿಮೆ ಯಾವ ಚಿಕಿತ್ಸೆಗೆ ಹಣ ಕೊಡುತ್ತದೆ, ಯಾವುದನ್ನು ರೋಗಿಯೇ ಭರಿಸಬೇಕು ಎಂಬುದನ್ನೂ ನೋಡು. ದೂರವನ್ನು ನಕ್ಷೆಯಲ್ಲಿ ಅಳೆಯದೆ, ಕಾಲುನೋವಿನ ವೃದ್ಧರೊಬ್ಬರು ಬಸ್ಸಿಳಿದು, ಮೆಟ್ಟಿಲು ಹತ್ತಿ ಬರಬೇಕಾದ ದಾರಿಯಲ್ಲಿ ಅಳೆ.

ಇಷ್ಟಾದ ಮೇಲೆಯೂ ಕಟ್ಟಡ ಹಿಡಿಯಲು ಆತುರಪಡದೆ, ಯಾರಾದರೂ ವೈದ್ಯರ ಕ್ಲಿನಿಕ್ಕಿನಲ್ಲೇ ವಾರಕ್ಕೊಂದು ದಿನದ ಮಟ್ಟಿಗೆ ಕೋಣೆ ಬಾಡಿಗೆಗೆ ಪಡೆದು, ಕೆಲವು ತಿಂಗಳು ಕೂತು ನೋಡು. ಬಂದವರನ್ನು ಯಾರು ಕಳಿಸಿದರು, ಅವರಲ್ಲಿ ಎಷ್ಟು ಮಂದಿ ಎರಡನೆಯ ಬಾರಿ ಬಂದರು ಎಂಬುದನ್ನು ಬರೆದಿಡು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ಪಟ್ಟಿಯನ್ನು ನನಗೂ ಕಳಿಸು.

ಇಂತಿ ನಿನ್ನ ಗೆಳೆಯ